ಕುರಿ ಕೂರದ ಹೊಲ

ಅವಳು ತನ್ನ ಹಿಮ್ಮಡಿಯನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು. ಬೇಸಿಗೆ ಬಂತೆಂದರೆ ಎರಡೂ ಹಿಮ್ಮಡಿಗಳು ಬಿರಿದು, ಜೋಳದ ಕಾಳು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತಿದ್ದವು. ಹಟ್ಟಿಯ ಮುಂದೆ ಕಾಲು ಚಾಚಿ ಕೂತು, ಕಂಬಳಿ ಹೊಲಿಯುವ ಸೂಜಿಗೆ ಕರಿ ನೂಲು ಪೋಣಿಸಿ, ದಪ್ಪ ಚರ್ಮದ ಎರಡು ಅಂಚುಗಳನ್ನು ಎಳೆದು ಹರಿದ ಗೋಣಿಚೀಲದ ಹಾಗೆ ಹೊಲಿಯುವಳು. ಆಮೇಲೆ ಎದ್ದು ನಿಂತು, ಆ ಕಾಲನ್ನು ನೆಲಕ್ಕೆ ಎರಡು ಸಲ ಜೋರಾಗಿ ಒದ್ದು ನೋಡುವಳು. ನಾನು ಮುಖ ತಿರುಗಿಸಿದರೆ ಅವಳಿಗೆ ನಗು.

"ಯಾಕಲೇ ಚೀಲಾ? ಹೊಲಿಯೋದು ನನ್ನ ಕಾಲು, ಅಳೋ ಮಾರಿ ನಿಂದು!"

ಚೀಲ ಎಂದರೆ ನಾನು. ಬೆನ್ನಿಗೊಂದು ದೊಡ್ಡ ಚೀಲ ಹಾಕಿಕೊಂಡು ಅವಳ ಮುಂದೆ ಬಂದು ನಿಂತ ದಿನ ಇಟ್ಟ ಹೆಸರು. ನನ್ನ ನಿಜವಾದ ಹೆಸರನ್ನು ಅವಳು ಕೊನೆಯವರೆಗೂ ಕೇಳಲಿಲ್ಲ. ನಾನು ಅವಳನ್ನು ಹಟ್ಟಿಯವ್ವ ಎನ್ನುತ್ತಿದ್ದೆ.

ಕೊಟ್ಟೂರಿನ ಸುತ್ತ ಅವಳ ಕುರಿ ಹಿಂಡನ್ನು ಅರಿಯದ ರೈತ ಇರಲಿಲ್ಲ. ಕೊಯ್ಲು ಮುಗಿದ ಹೊಲಗಳಲ್ಲಿ ಹಿಂಡು ತಂದು ತರುಬುವುದು ಅವಳ ಮನೆತನದ ಕಸುಬು. ಹೊಲದ ನಡುವೆ ಗೂಟ ಬಡಿದು, ಬಲೆ ಕಟ್ಟಿ, ರಾತ್ರಿಯೆಲ್ಲ ಕುರಿಗಳನ್ನು ಅಲ್ಲೇ ಕೂರಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎಲ್ಲ ಮಣ್ಣಿಗೆ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ. ಮೂರು ದಿನ ಕುರಿ ಕೂತ ಹೊಲದ ಪೈರು ಮುಂದಿನ ಮಳೆಗೆ ಬೇರೆಯದೇ ಬಣ್ಣದಲ್ಲಿ ಏಳುತ್ತದೆ. ಅದಕ್ಕೇ ಸುಗ್ಗಿ ಮುಗಿಯುವ ಹೊತ್ತಿಗೆ ರೈತರು ಹಟ್ಟಿಯವ್ವನಿಗೆ "ಮೊದ್ಲು ನಮ್ಮ ಹೊಲಕ್ಕ ಬರ್ರಿ, ನಮ್ಮ ಹೊಲಕ್ಕ ಬರ್ರಿ" ಎಂದು ದುಂಬಾಲು ಬೀಳುತ್ತಿದ್ದರು.

ಅವಳು ಹಗೆಯನ್ನೂ ಕುರಿಯಷ್ಟೇ ಜತನದಿಂದ ಕಾಯುತ್ತಿದ್ದಳು. ಯಾವುದೋ ಕಾಲದಲ್ಲಿ ಒಬ್ಬ ಕಂಡಕ್ಟರು ಅವಳ ಕಂಕುಳಲ್ಲಿದ್ದ ಕುರಿಮರಿ ನೋಡಿ ಬಸ್ಸು ನಿಲ್ಲಿಸದೆ ಹೋದನಂತೆ. ಆ ಬಸ್ಸಿನ ಹೊತ್ತಿಗೆ ಸರಿಯಾಗಿ ರಸ್ತೆಗೆ ಬಂದು, ಬಸ್ಸಿಗೆ ಬೆನ್ನು ಮಾಡಿ ನಿಂತು, ಅದು ಹಾದುಹೋದ ಮೇಲೆ ನಡೆದೇ ಊರು ಸೇರುತ್ತಿದ್ದಳು. ಕಂಡಕ್ಟರು ಬದಲಾಗಿ ವರ್ಷಗಳೇ ಆಗಿವೆ ಎಂದು ನಾನು ಹೇಳಿದೆ. "ಬಸ್ಸು ಅದ ಐತಲ್ಲ?" ಎಂದಳು.

ಈಗ ನನ್ನ ಪಾಪದ ಕಥೆ ಹೇಳುತ್ತೇನೆ. ಅದನ್ನು ಬಿಟ್ಟು ಅವಳ ಕಥೆ ಹೇಳಲು ಬರುವುದಿಲ್ಲ.

ಓದು ಮುಗಿಸಿದ ಮೇಲೆ ನನಗೊಂದು ಹುಚ್ಚು ಹಿಡಿದಿತ್ತು. ಚೀಲ ಬೆನ್ನಿಗೇರಿಸಿ ಊರೂರು ತಿರುಗುವುದು, ಸಿಕ್ಕಿದ ತೋಟದಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡುವುದು, ಅಲ್ಲೇ ಉಂಡು ಅಲ್ಲೇ ಮಲಗುವುದು. ಹಾಗೆ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಒಂದು ತೋಟ ಕಣ್ಣಿಗೆ ಬಿತ್ತು. ಗೇಟಿನ ಮೇಲೆ ಹಸಿರು ಬಣ್ಣದ ಬೋರ್ಡು: 'ವಿಷಮುಕ್ತ ತೋಟ'. ತೋಟದ ಧಣಿ ಐವತ್ತರ ಆಸುಪಾಸಿನವನು. ಬಿಳಿ ಅಂಗಿ, ಜೇನಿನಂಥ ಮಾತು. ನನ್ನಂಥ ಚೀಲದವರು ಅಲ್ಲಿಗೆ ಬರುತ್ತಿದ್ದರು, ಮಣ್ಣಿನಲ್ಲಿ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಊರಿಗೆ ಹೋಗಿ ತೋಟವನ್ನು ಹಾಡಿ ಹೊಗಳುತ್ತಿದ್ದರು. ನಾನೂ ಒಂದು ತಿಂಗಳು ಕಳೆ ಕಿತ್ತೆ, ಸಗಣಿ ಬಾಚಿದೆ, ಹೊಗಳಿದೆ.

ಮೆಕ್ಕೆಜೋಳದ ಕೊಯ್ಲಾದ ಹೊಲದ ಅಂಚಿನಲ್ಲಿ ಒಂದು ಪಟ್ಟಿ ಅಲಸಂದೆ ಇತ್ತು. ಅದಕ್ಕೆ ಹುಳ ಬಿತ್ತು. ಒಂದು ದಿನ ಬೆಳಗಿನ ಜಾವ, ಉಳಿದ ಚೀಲದವರು ಏಳುವ ಮೊದಲೇ, ಧಣಿ ನನ್ನನ್ನು ಎಬ್ಬಿಸಿದ. ಬೆನ್ನಿಗೆ ಕಟ್ಟುವ ಪಂಪು ಕೊಟ್ಟ.

"ಒಂದೀಟು ಹೊಡದುಬಿಡು ತಮ್ಮಾ. ನೀನು ನಮ್ಮ ಮನಿ ಹುಡುಗ ಇದ್ದಂಗ. ಯಾರಿಗೂ ಹೇಳಾಕ ಹೋಗಬ್ಯಾಡ."

ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು. ನನಗೆ ಕಣ್ಣಿರಲಿಲ್ಲವೇ? ಇತ್ತು. ಮನೆ ಹುಡುಗ ಅಂದದ್ದಕ್ಕೆ ಉಬ್ಬಿಹೋಗಿದ್ದೆ, ಅಷ್ಟೇ. ನಾಲ್ಕು ಪಂಪು ಹೊಡೆದೆ.

ಎರಡನೇ ದಿನ ಹಟ್ಟಿಯವ್ವನ ಹಿಂಡು ಬಂತು. ಅವಳು ಒಂದು ವಾರ ಬಿಟ್ಟು ಬರಬೇಕಾಗಿತ್ತು. ಆದರೆ ಪಕ್ಕದ ಹೊಲದವನು ಹಿಂಡನ್ನು ಕರೆದೊಯ್ಯಲು ಹೊಂಚುತ್ತಿದ್ದ. ಈಗ ಬಿಟ್ಟರೆ ಈ ವರ್ಷ ಗೊಬ್ಬರ ತಪ್ಪಿತು ಎಂದು ಧಣಿಯೇ ಹೇಳಿಕಳಿಸಿ ಬೇಗ ಕರೆಸಿದ. ಕುರಿಗಳ ಜೊತೆ ಇದ್ದದ್ದು ಅವಳ ಸೊಸೆ. ಅವಳು ಹಸಿರು ಕಂಡು, "ಈ ಪಟ್ಟಿ ಮೇಯಿಸಬಹುದೇನ್ರಿ?" ಎಂದು ಕೇಳಿದ್ದು ನನಗೇ ಕೇಳಿಸಿತು. "ಮೇಯಿಸವ್ವಾ, ಹುಳ ತಿಂದು ಬಿಟ್ಟಿದ್ದು, ಕುರಿಯಾದ್ರೂ ತಿನ್ನಲಿ" ಎಂದ ಧಣಿ. ಧಾರಾಳಿ! ನಾನು ಬಾಯಿ ಬಿಡಬೇಕಿತ್ತು. ಹೊಡೆದು ಎರಡು ದಿನವಾಗಿದೆಯಲ್ಲ, ಅವನಿಗೆ ಗೊತ್ತಿರುತ್ತದೆ ಎಂದು ಸುಮ್ಮನಾದೆ.

ಮರುದಿನ ನಾನು ಹೊರಡುವ ದಿನ. ಬೆಳಿಗ್ಗೆ ನೋಡಿದರೆ ಹೊಲದಲ್ಲಿ ಎರಡು ಕುರಿ ಕಾಲು ಮಡಚಿ ಬಿದ್ದು ನೊರೆ ಕಾರುತ್ತಿದ್ದವು. ಮೂರನೆಯದು ಕುಡಿದವನ ಹಾಗೆ ತೂರಾಡುತ್ತಿತ್ತು. ನಾನು ಅತ್ತ ಓಡಬೇಕು ಅನ್ನುವಷ್ಟರಲ್ಲಿ ಧಣಿ ಬೈಕು ತಂದು ನಿಲ್ಲಿಸಿದ. "ನಡಿ ನಡಿ, ಬಸ್ಸು ತಪ್ತೈತಿ." ಕೊಟ್ಟೂರು ಬಸ್‌ಸ್ಟ್ಯಾಂಡಿಗೆ ತಾನೇ ಕರೆತಂದ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದ. ಥೂ ನನ್ನ ಜನ್ಮಕ್ಕೆ! ಅದನ್ನು ಕೂತು ತಿಂದೆ. ಬಸ್ಸು ಹತ್ತಿದೆ.

ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮತ್ತೆ ಒಮ್ಮೆ ಕೂಡ್ಲಿಗಿಗೆ ಹೋಗುವಾಗ ದಾರಿಯ ಚಹಾದಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಯಾರಿಗೋ ಕಥೆ ಹೇಳುತ್ತಿದ್ದ. ನಲವತ್ತಕ್ಕೂ ಮೇಲೆ ಕುರಿ ಸತ್ತವಂತೆ. ಊರಿನ ಹಿರಿಯರು ಸೇರಿದರಂತೆ. ಧಣಿ ಅಂಗೈಯಲ್ಲಿ ದೇವರ ಭಂಡಾರ, ಅಂದರೆ ಗುಡಿಯ ಅರಿಶಿನದ ಪುಡಿ ಹಿಡಿದು, "ಈ ಹೊಲಕ್ಕ ನನ್ನ ಕೈ ಔಷಧ ಹೊಡದಿಲ್ಲ" ಎಂದು ಆಣೆ ಮಾಡಿದನಂತೆ. ನಿಜವೇ! ಹೊಡೆದದ್ದು ನನ್ನ ಕೈ. ಅಷ್ಟಕ್ಕೇ ಬಿಡಲಿಲ್ಲ ಆ ಪುಣ್ಯಾತ್ಮ. "ಸೊಸಿ ತೂಕಡಿಸಿರಬೇಕು, ಕುರಿ ಪಕ್ಕದ ಹೊಲದ ಎಳೆ ಜೋಳದ ಚಿಗುರು ತಿಂದಾವು" ಎಂದನಂತೆ.

ಕುರಿ ಕಾಯುವವರಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಎಳೆ ಜೋಳದ ಚಿಗುರು ಕುರಿಗೆ ವಿಷ ಎನ್ನುವುದು ಅವರ ಹಟ್ಟಿಯ ತೊಟ್ಟಿಲ ಕೂಸಿಗೂ ಗೊತ್ತು. ಭಂಡಾರ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ ಎಂದು ಹಟ್ಟಿಯವ್ವ ನಂಬಿದವಳು. ಧಣಿಯನ್ನು ನಂಬಿದಳು, ಸೊಸೆಯನ್ನು ನಂಬಲಿಲ್ಲ. ಊರ ಮುಂದೆಯೇ ಅವಳ ಕೈಯಿಂದ ಕೋಲು ಕಸಿದುಕೊಂಡು, ಹರಪನಹಳ್ಳಿ ಕಡೆಯ ತವರಿಗೆ ಅಟ್ಟಿಬಿಟ್ಟಳು. ತಾಯಿಯ ಮಾತಿಗೆ ಎದುರಾಡದ ಮಗ ತಲೆ ತಗ್ಗಿಸಿ ನಿಂತ.

"ಈಗ ಆಕಿ ಹೆಸರೇ ಕುರಿ ಕೊಂದಾಕಿ" ಎಂದು ಅಂಗಡಿಯವನು ನಕ್ಕ. ನಾನು ಅರ್ಧ ಚಹಾ ಬಿಟ್ಟು ಎದ್ದೆ.

ಹಟ್ಟಿಯವ್ವನನ್ನು ಹುಡುಕಿಕೊಂಡು ಹೋದೆ. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹೊಲದಲ್ಲಿ ಹಿಂಡು ಇತ್ತು. ಸಂಜೆ, ಮರಿಗಳಿಗೆ ಹಾಲು ಕುಡಿಸುವ ಹೊತ್ತು. ನಿಂತಲ್ಲೇ ಎಲ್ಲ ಹೇಳಿದೆ. ಪಂಪು, ಡಬ್ಬಿ, ಬೈಕು, ಬಜ್ಜಿ, ಒಂದೂ ಬಿಡಲಿಲ್ಲ. ಅವಳು ಹಿಡಿದಿದ್ದ ಮರಿಯನ್ನು ಬಿಡದೆ, ಅದರ ಹೊಟ್ಟೆ ತುಂಬುವವರೆಗೆ ಕೇಳಿಸಿಕೊಂಡಳು.

"ಎಷ್ಟು ಪಂಪು?"

"ನಾಲ್ಕು."

"ಆಕಿ ಕೇಳಿದ್ಲಾ, ಮೇಯಿಸ್ಲೇನ್ರಿ ಅಂತ?"

"ಕೇಳಿದರು. ನನ್ನ ಕಿವಿಯಾರೆ ಕೇಳಿದೆ."

ಎದ್ದಳು. ಕೋಲು ತಿರುಗಿಸಿ ನನ್ನ ಬೆನ್ನಿಗೆ ಒಂದು ಬಾರಿಸಿದಳು. ಕುರಿಗಳು ಬೆಚ್ಚಿ ಸರಿದವು. ಆಮೇಲೆ ಅದೇ ಕೋಲನ್ನು ನನ್ನ ಕೈಗೆ ಕೊಟ್ಟು, "ನನಗೂ ಒಂದು ಹಾಕು" ಎಂದಳು. ನಾನು ಕೋಲು ಕೆಳಗಿಟ್ಟೆ. ಅವಳು ಅಲ್ಲೇ ಕುಸಿದು ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಆಮೇಲೆ ಮುಖ ಎತ್ತಿ, "ಚೀಲ ಇಳಸು" ಎಂದಳು. "ಬಸ್ಸು ಹತ್ತಿ ಓಡಿಹೋದೆಲ್ಲ, ಈಗ ಮಳಿ ಬೀಳೋ ತನಕ ಇಲ್ಲೇ ಬಿದ್ದಿರು."

ಮರುದಿನ ನಾವಿಬ್ಬರೂ ಸೊಸೆಯ ತವರಿಗೆ ಹೋದೆವು. ಸೊಸೆ ನಡುಮನೆಗೂ ಕರೆಯಲಿಲ್ಲ. ಕಟ್ಟೆಯ ಮೇಲೆ ನಿಂತು ಕೇಳಿದಳು. ಮೊದಲು ನಾನು ಹೇಳಿದೆ. ನಂತರ ಹಟ್ಟಿಯವ್ವ ಸೆರಗು ಒಡ್ಡಿ, "ಭಂಡಾರ ನಂಬಿದೆ, ನಿನ್ನ ನಂಬಲಿಲ್ಲ. ಮನಿಗೆ ಬಾರವ್ವಾ" ಎಂದಳು. ಅಷ್ಟು ದೊಡ್ಡ ಗಂಟಲಿನ ಹೆಂಗಸಿನ ಮಾತು ಅವತ್ತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಸೊಸೆ ಅಳಲಿಲ್ಲ. "ನೀನು ನಂಬಿದ್ರೆ ಏನ್ ಬಂತತ್ತಿ? ಸಂತಿಗೆ ಹೋದ್ರೆ ಕುರಿ ಕೊಂದಾಕಿ ಬಂದ್ಲು ಅಂತಾರ. ಬರ್ತೀನಿ. ನನ್ನ ಗಂಡ, ನನ್ನ ಕುರಿ ಅಲ್ಲಿ ಅದಾವು. ಆದ್ರ ಆ ಧಣಿ ಊರ ಮುಂದ ಬಾಯಿಬಿಟ್ಟು ಹೇಳೋ ತನಕ ನಿನ್ನ ಒಲಿ ಮ್ಯಾಲಿಂದು ಒಂದು ತುತ್ತು ಮುಟ್ಟಂಗಿಲ್ಲ. ನನ್ನ ಒಲಿ ನನಗ."

"ಆತು" ಎಂದಳು ಹಟ್ಟಿಯವ್ವ.

ಅಂದಿನಿಂದ ಆ ಹಟ್ಟಿಯಲ್ಲಿ ಎರಡು ಒಲೆ. ಎಲ್ಲಿ ಬೀಡುಬಿಟ್ಟರೂ ಎರಡು ಕಡೆ ಮೂರು ಮೂರು ಕಲ್ಲು. ಅತ್ತೆ ಬಡಿದ ರೊಟ್ಟಿಯ ಘಮ ಸೊಸೆಗೆ, ಸೊಸೆಯ ಸಾರಿನ ಒಗ್ಗರಣೆ ಅತ್ತೆಗೆ ಬಡಿಯುತ್ತಿತ್ತು. ಮಾತು ಕುರಿಯದ್ದು, ನೀರಿನದ್ದು ಮಾತ್ರ. ಕೆಲವೊಮ್ಮೆ ಹಟ್ಟಿಯವ್ವ ಒಂದು ರೊಟ್ಟಿ ಹೆಚ್ಚಿಗೆ ಬಡಿದು, ಯಾರನ್ನೂ ಕರೆಯದೆ, ಹಾಗೇ ಹಂಚಿನ ಮೇಲೆ ಬಿಟ್ಟಿರುತ್ತಿದ್ದಳು. ಅದು ಕರಕಲಾದ ಮೇಲೆ ನಾಯಿಗೆ ಹಾಕುತ್ತಿದ್ದಳು.

ಧಣಿಯ ಊರಿಗೂ ಹೋಗಿ ಕಟ್ಟೆಯ ಮೇಲೆ ನಿಂತು ಹೇಳಿದೆ. ಅವನು ನಕ್ಕ. "ಊರೂರು ಅಲೆಯೋ ಭಿಕಾರಿ. ಉಣ್ಣಾಕ ಇಕ್ಕಿದ್ದೆ, ಈಗ ನನ್ನ ಮ್ಯಾಲೆ ತಿರುಗ್ಯಾನ" ಎಂದ. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ನಂಬಿದವರೂ ಅವನ ಮುಖ ನೋಡಿ ನೆಲ ನೋಡಿದರು. ನನ್ನ ಕೈ ತುರಿಸುತ್ತಿತ್ತು. ರಾತ್ರೋರಾತ್ರಿ ಅವನ ಬೋರ್ಡು ಕಿತ್ತು ಬಾವಿಗೆ ಎಸೆಯುತ್ತೇನೆ ಎಂದೆ.

ಹಟ್ಟಿಯವ್ವ ಬೈದಳು. "ಹುಚ್ಚ ಮುಂಡೇದೆ. ಬೋರ್ಡು ಕಿತ್ರ ನಾಳಿ ಹೊಸಾದು ಹಾಕ್ತಾನ. ಹೊಲ ಎಲ್ಲಿಂದ ತರ್ತಾನ?"

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಧಣಿಯ ಹೊಲದ ನಾಲ್ಕೂ ಕಡೆಯ ರೈತರ ಮನೆಗೆ ತಾನೇ ಹೋಗಿ, "ಈ ವರ್ಷ ನಿಮ್ಮ ಹೊಲದಾಗ ಮೂರಲ್ಲ, ಆರು ದಿನ ತರುಬ್ತೀನಿ" ಎಂದಳು. ಬೇಡ ಎನ್ನುವವರು ಯಾರು? ಮೂಡಣ ಹೊಲದಲ್ಲಿ ಆರು ದಿನ, ತೆಂಕಣ ಹೊಲದಲ್ಲಿ ಆರು ದಿನ, ಹಾಗೇ ಸುತ್ತಲೂ. ಧಣಿಯ ಬದುವಿನಿಂದ ಒಂದು ಮಾರು ಈಚೆಗೆ ಬಲೆ ಕಟ್ಟಿಸುತ್ತಿದ್ದಳು. ಗೂಟ ಬಡಿಯುವ ಕೆಲಸ ನನ್ನದು. ಸಂಜೆ ಹೊತ್ತು ಧಣಿ ತನ್ನ ಬದುವಿನ ಮೇಲೆ ಬಂದು ನಿಂತರೆ, ಅವಳು ಕುರಿಗಳ ಜೊತೆ ಮಾತಾಡುತ್ತಿದ್ದಳು. "ಏ ಕರಿ, ಆ ಕಡಿ ಹೋಗಬ್ಯಾಡಬೇ. ಆ ಹೊಲದ ಮಣ್ಣಿಗೆ ಬಾಯಿಲ್ಲ."

ಸಾಲದ್ದಕ್ಕೆ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಹಟ್ಟಿಗಳಿಗೂ ಸುದ್ದಿ ಮುಟ್ಟಿಸಿದಳು. ಒಂದು ಹಿಂಡೂ ಅವನ ಹೊಲಕ್ಕೆ ಕಾಲಿಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಹೋಗಿ ನೋಡಿದೆ. ಸುತ್ತಲಿನ ಮೆಕ್ಕೆಜೋಳ ಆಳುದ್ದ, ಕಡು ಹಸಿರು. ನಡುವೆ ಧಣಿಯದು ಮೊಣಕಾಲೆತ್ತರಕ್ಕೆ ಹಳದಿ ತಿರುಗಿ ನಿಂತಿತ್ತು. ರಸ್ತೆಯಲ್ಲಿ ಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಚೀಲದ ಹುಡುಗರು ಅವನನ್ನು ಕಾರಣ ಕೇಳುತ್ತಿದ್ದರಂತೆ. ಮಣ್ಣು ವಿಶ್ರಾಂತಿ ತಗೊಳ್ತೈತಿ ಎನ್ನುತ್ತಿದ್ದನಂತೆ! ಎರಡನೇ ವರ್ಷ ನಸುಕಿನಲ್ಲಿ ಟಾರ್ಪಾಲು ಹೊದಿಸಿದ ಟ್ರ್ಯಾಕ್ಟರಿನಲ್ಲಿ ರಾಸಾಯನಿಕ ಗೊಬ್ಬರದ ಚೀಲ ತರಿಸಿದ. ನಾನು ಕಾದಿದ್ದು ಫೋಟೋ ಹೊಡೆದು, ಅವನ ತೋಟ ಹೊಗಳಿದವರಿಗೆಲ್ಲ ಕಳಿಸಿದೆ. ಆ ವರ್ಷ ಚೀಲದವರು ಬರುವುದು ನಿಂತಿತು. ನನಗೆ ಬೇಸರವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಬ್ಬವಾಯಿತು.

ಆಗ ಧಣಿ ಒಂದು ಒಳ್ಳೆಯ ಟಗರನ್ನು ಆಳಿನ ಕೈಯಲ್ಲಿ ಕಳಿಸಿದ. ಹೋದ ಕುರಿಗಳ ಲೆಕ್ಕಕ್ಕಲ್ಲ, ಸುಮ್ಮನೆ ಧರ್ಮಕ್ಕೆ ಕೊಟ್ಟಿದ್ದು ಎಂದು ಹೇಳಿಸಿದ. ಹಟ್ಟಿಯವ್ವ ಟಗರಿನ ಮೈದಡವಿದಳು, ನೀರು ಕುಡಿಸಿದಳು. ಆಮೇಲೆ ಕತ್ತರಿ ತರಿಸಿ, ಒಂದು ಮಗ್ಗುಲಿನ ಉಣ್ಣೆಯನ್ನಷ್ಟೇ ನುಣ್ಣಗೆ ಬೋಳಿಸಿದಳು. ಇನ್ನೊಂದು ಮಗ್ಗುಲು ಹಾಗೇ ಬಿಟ್ಟಳು.

"ಕರಕೊಂಡು ಹೋಗಪ್ಪಾ. ಅರ್ಧ ನಿಜ ಹೇಳಿದಾತಗ ಅರ್ಧ ಬೋಳಿಸಿದ ಟಗರು ಅಂತ ಹೇಳು. ಊರ ನಡುವ ಹಾದು ಹೋಗು, ಅಡ್ಡದಾರಿ ಹಿಡೀಬ್ಯಾಡ."

ಆ ಆಳು ನಗು ತಡೆಯಲಾರದೆ ಹಾಗೇ ಮಾಡಿದ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಹಟ್ಟಿಯಲ್ಲಿ ಸೊಸೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹಟ್ಟಿಯವ್ವ ಅದನ್ನು ಓರೆಗಣ್ಣಿನಿಂದ ನೋಡಿದಳು. ಆದರೆ ಅವತ್ತೂ ಒಲೆ ಎರಡೇ ಹೊತ್ತಿದವು.

ಒಮ್ಮೆ ನಾನೇ ಮೆತ್ತಗಾಗಿ, "ಇಷ್ಟು ಸಾಕಲ್ಲವೇನವ್ವ?" ಎಂದು ಕೇಳಿದೆ.

"ಸಾಕೋ ಬ್ಯಾಡೋ ಹೇಳೋದು ಆಕಿ, ನಾನಲ್ಲ. ಕ್ಷಮಿಸಾಕ ನಾನೇನು ದೇವರಾ? ಕುರಿ ಕಾಯಾಕಿ. ಕಳದ ಕುರಿ ಸಿಗೋ ತನಕ ಹುಡುಕ್ತೀನಿ. ಆಕಿ ಹೆಸರು ಕಳದೀನಿ."

ನನ್ನ ಶಿಕ್ಷೆ ಆ ಮೊದಲ ಮಳೆಗೇ ಮುಗಿದಿತ್ತು. ಆದರೂ ಪ್ರತಿ ಸುಗ್ಗಿಗೆ ಹೋಗುತ್ತಿದ್ದೆ. ಹೋದರೆ ಬೈಗುಳ, ಗೂಟ, ಬಲೆ, ಬಿಸಿಲು. ಹೋಗದಿದ್ದರೆ ಮೈಯಲ್ಲಿ ಏನೋ ಬಾಕಿ ಉಳಿದಂತೆ. ಮಾಡಿದ್ದನ್ನು ಮಾಡಿದೆ ಎಂದು ಬಾಯಿಬಿಟ್ಟು ಹೇಳಿ, ಅದರ ಮುಂದೆಯೇ ದುಡಿಯುತ್ತ ನಿಲ್ಲುವುದನ್ನು ನನಗೆ ಕಲಿಸಿದವಳು ಅವಳು. ಶಾಲೆ, ಕಾಲೇಜು, ಹೆತ್ತವರು ಯಾರೂ ಕಲಿಸಿರಲಿಲ್ಲ.

ಮೂರನೇ ವರ್ಷದ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ನಾಲ್ಕು ದಿನ ಮರಿಗಳ ನಡುವೆಯೇ ಮಲಗಿದ್ದಳು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಸುದ್ದಿ ತಿಳಿದು ನಾನು ಹೋಗಿ ಮುಟ್ಟಿದಾಗ ಅವಳದೇ ತುಂಡು ಹೊಲದಲ್ಲಿ ಕುಣಿ ತೋಡಿದ್ದರು. ಹತ್ತಾರು ಹಟ್ಟಿಗಳಿಂದ ಕಂಬಳಿ ಹೊದ್ದ ಜನ ಬಂದಿದ್ದರು. ದೇಹವನ್ನು ಇಳಿಸಿದರು. ಒಬ್ಬೊಬ್ಬರೇ ಬಂದು ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು.

ಆಗ ಧಣಿ ಬಂದ. ಕೈಯಲ್ಲಿ ಹಡಗಲಿ ಮಲ್ಲಿಗೆಯ ದೊಡ್ಡ ಹಾರ. ಮುದುಕಿಯೊಂದಿಗೆ ಹಗೆಯೂ ಹೋಯಿತು, ಬರುವ ವರ್ಷ ಕುರಿ ಬರುತ್ತವೆ ಎಂದುಕೊಂಡು ಬಂದಿದ್ದ. ಅವನ ಮುಖದಲ್ಲೇ ಅದು ಕಾಣುತ್ತಿತ್ತು. ಹಾರ ಇಳಿಬಿಟ್ಟು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

ಸೊಸೆ ಕುಣಿಗೂ ಅವನಿಗೂ ನಡುವೆ ಬಂದು ನಿಂತಳು.

"ಹೇಳಿ ಹಾಕ್ರಿ, ಧಣೇರ."

ಮಣ್ಣು ಹಾಕಲು ಬಂದವರನ್ನು ನಮ್ಮಲ್ಲಿ ಯಾರೂ ತಡೆಯುವುದಿಲ್ಲ. ಯಾರಾದರೂ ಅವಳನ್ನು ಗದರಿಸಿಯಾರು ಎಂದು ಧಣಿ ಸುತ್ತ ನೋಡಿದ. ಯಾರೂ ಮಿಸುಕಲಿಲ್ಲ. ಅವಳ ಗಂಡ, ಎಂದೂ ಎದುರಾಡದವನು, ಬಂದು ಹೆಂಡತಿಯ ಪಕ್ಕದಲ್ಲಿ ನಿಂತ. ಕೋಲು ಊರಿಕೊಂಡ ಅಷ್ಟೂ ಕುರಿಯವರು ಧಣಿಯ ಬಾಯಿಯನ್ನೇ ನೋಡುತ್ತಿದ್ದರು. ಹಿಂದೆ ಹೋಗಲು ದಾರಿ ಇತ್ತು. ಹೋದರೆ ಅವನ ಸುಳ್ಳು ಎಲ್ಲರಿಗೂ ಗೊತ್ತಾಗುತ್ತಿತ್ತು, ಕುರಿಯೂ ಬರುತ್ತಿರಲಿಲ್ಲ.

ಧಣಿ ಏನೋ ಗೊಣಗಿದ.

"ಹಿಂದಿನವರಿಗೆ ಕೇಳಲಿಲ್ಲ, ಜೋರಾಗಿ ಹೇಳಿ" ಎಂದೆ ನಾನು.

ನನ್ನನ್ನು ನುಂಗುವಂತೆ ನೋಡಿದ. ಆಮೇಲೆ ಹೇಳಿದ. "ನಾನ ಔಷಧ ಹೊಡಿಸಿದ್ದೆ. ಗೊತ್ತಿದ್ದೂ ಮೇಯಿಸು ಅಂದೆ. ಈಕಿದು ತಪ್ಪಿಲ್ಲ."

"ಇನ್ನೊಂದು ಸಲ" ಎಂದೆ. ಯಾರೂ ನನ್ನನ್ನು ಸುಮ್ಮನಿರು ಎನ್ನಲಿಲ್ಲ. ಇನ್ನೊಂದು ಸಲ ಹೇಳಿದ. ಅವನ ಧ್ವನಿ ಒಡೆದಿತ್ತು. ನನಗೆ ಸಕ್ಕರೆ ತಿಂದಂತಾಯಿತು, ಸುಳ್ಳೇಕೆ ಹೇಳಲಿ.

ಹೇಳಿ ಮುಗಿಸಿ, ಮಣ್ಣಿನ ಮುಷ್ಟಿ ಮುಂದೆ ಚಾಚಿದ. ಸೊಸೆ ಸರಿಯಲಿಲ್ಲ.

"ಅದನ್ನ ನಿಮ್ಮ ಹೊಲಕ್ಕ ಹಾಕ್ಕೊಳ್ರಿ. ಅದಕ್ಕ ಬೇಕಾಗೈತಿ."

ಅವನು ಮುಷ್ಟಿ ಬಿಚ್ಚುವುದನ್ನೂ ಮರೆತು ಹಾಗೇ ತಿರುಗಿ ನಡೆದ. ಜನ ಅವನಿಗೆ ದಾರಿ ಬಿಟ್ಟರು. ರಸ್ತೆ ಮುಟ್ಟುವವರೆಗೂ ನಾನು ಅವನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ.

ಸೊಸೆ ಆಗ ಕುಣಿಯ ಅಂಚಿಗೆ ಕೂತಳು. ಎರಡೂ ಬೊಗಸೆ ತುಂಬ ಮಣ್ಣು ತೆಗೆದುಕೊಂಡಳು. ಹಾಕುವ ಮೊದಲು ಬಗ್ಗಿ, ಒಳಗೆ ನೋಡಿ ಕೇಳಿದಳು.

"ಕೇಳಿಸ್ತೇನು, ಅತ್ತಿ?"